ಚೀನೀ ವಿದ್ಯಾರ್ಥಿಗಳಿಗೆ ‘ಟೇಕ್’ ಹೇಳಿಕೊಡುವುದು ಹೇಗೆ?

ಚೀನಾದ ವಯಸ್ಕರಿಗೆ ಆನ್‌ಲೈನ್‌ನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ, ‘ಟೇಕ್’ ಎಂಬ ಕ್ರಿಯಾಪದದಲ್ಲಿ ಎಲ್ಲರೂ ಎಡವುತ್ತಾರೆ, ಅದಕ್ಕೆ ಚೀನೀ ಭಾಷೆಯ ಯಾವ ಪದ ಕೊಡಲಿ ಎಂದು ಕೇಳಿದ್ದೀರಿ. ಕೆಲವು ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವ ನಾನು ಹೇಳುವುದು ಇಷ್ಟು: ಒಂದೇ ಪದವನ್ನು ಕೊಡಲೇಬೇಡಿ.

ನನ್ನ ಬಳಿ ಕಲಿಯುತ್ತಿರುವ ಒಬ್ಬ ಮಹಿಳೆ ಮೊದಲ ದಿನವೇ ತಮ್ಮ ನೋಟುಪುಸ್ತಕವನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದ್ದರು. ಎಡಗಡೆ ‘ಟೇಕ್’, ಬಲಗಡೆ ‘ನಾ’ ಎಂಬ ಒಂದು ಅಕ್ಷರ. ಆ ಅಕ್ಷರದ ಕೆಳಗಿನ ಅರ್ಧವೇ ‘ಕೈ’ ಎಂಬ ಚಿಹ್ನೆ. ಅಂದರೆ ಕೈಯಿಂದ ಹಿಡಿದು ಎತ್ತಿಕೊಳ್ಳುವುದು. ಪುಸ್ತಕ, ಕೊಡೆ, ಬಟ್ಟಲು ಎತ್ತಿಕೊಳ್ಳುವವರೆಗೆ ಸರಿ. ಮುಂದಿನ ವಾರ ಅವರಿಗೆ ನೆಗಡಿ. ಔಷಧವನ್ನು ‘ತಿಂದೆ’, ಬಸ್ಸನ್ನು ‘ಕೂತೆ’, ಪರೀಕ್ಷೆಯಲ್ಲಿ ‘ಭಾಗವಹಿಸಿದೆ’ ಎಂಬ ಅರ್ಥದ ಇಂಗ್ಲಿಷ್ ಪದಗಳನ್ನು ಬಳಸಿ ಮಾತನಾಡಿದರು. ಅವರ ಭಾಷೆಯಲ್ಲಿ ಈ ಮೂರೂ ಸರಿ. ಔಷಧಕ್ಕೆ ‘ಚಿ ಯಾವ್’ ಎನ್ನುತ್ತಾರೆ, ‘ಚಿ’ ಎಂದರೆ ತಿನ್ನು. ವಾಹನಕ್ಕೆ ‘ತ್ಸ್ವೊ’, ಅಂದರೆ ಕುಳಿತುಕೊಳ್ಳು. ಪರೀಕ್ಷೆಗೆ ‘ತ್ಸಾನ್‌ಜಿಯಾ’, ಅಂದರೆ ಸೇರು, ಭಾಗವಹಿಸು. ಈ ಮೂರರಲ್ಲಿ ಎಲ್ಲಿಯೂ ‘ನಾ’ ಬರುವುದಿಲ್ಲ. ಹಾಗಿದ್ದ ಮೇಲೆ ‘ಟೇಕ್’ ಅವರ ಬಾಯಿಗೆ ಬರುವುದಾದರೂ ಹೇಗೆ?

ಇದನ್ನು ಅವರ ಅಜ್ಞಾನವೆಂದು ದಯವಿಟ್ಟು ಎಣಿಸಬೇಡಿ. ನಾವೂ ‘ಟೇಕ್ ಎಂದರೆ ತೆಗೆದುಕೊಳ್ಳು’ ಎಂದೇ ಕಲಿತವರು. ಆದರೆ ನಾವು ಪರೀಕ್ಷೆ ಬರೆಯುತ್ತೇವೆ, ಬಸ್ಸು ಹಿಡಿಯುತ್ತೇವೆ, ಫೋಟೊ ತೆಗೆಯುತ್ತೇವೆ, ಸ್ನಾನ ಮಾಡುತ್ತೇವೆ. ನಮ್ಮ ಇಂಗ್ಲಿಷಿನಲ್ಲಿ ಪರೀಕ್ಷೆಗೆ ‘ರೈಟ್’ ಎಂಬುದು ನುಸುಳಿ ಬಂದಿರುವುದೂ ಇದೇ ದಾರಿಯಲ್ಲಿ. ಆದ್ದರಿಂದ ಜೋಡಿಗಳನ್ನೇ ಕಲಿಸಿ. ಔಷಧದ ಜೊತೆ ‘ಟೇಕ್’, ಟಿಪ್ಪಣಿಯ ಜೊತೆ ‘ಟೇಕ್’, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಸಿ.

ಹೆಚ್ಚು ಹೊತ್ತು ಕೊಡಬೇಕಾದದ್ದು ಸಮಯದ ಬಳಕೆಗೆ. ಚೀನೀ ಭಾಷೆಯಲ್ಲಿ ಸಮಯವನ್ನು ಮನುಷ್ಯ ಖರ್ಚು ಮಾಡುತ್ತಾನೆ. ಅದಕ್ಕೆ ‘ಹ್ವಾ’ ಎಂಬ ಪದ (ಹೂವಿಗೂ ಇದೇ ಅಕ್ಷರ). ಹಣಕ್ಕೂ ‘ಹ್ವಾ’, ಸಮಯಕ್ಕೂ ‘ಹ್ವಾ’. ಇಂಗ್ಲಿಷಿನಲ್ಲಿ ಅದು ಸ್ಪೆಂಡ್, ಕಾಸ್ಟ್, ಪೇ, ಟೇಕ್ ಎಂದು ನಾಲ್ಕಾಗಿ ಒಡೆಯುತ್ತದೆ. ಈ ನಾಲ್ಕರ ವ್ಯತ್ಯಾಸ ಅಲ್ಲಿನ ಶಾಲಾ ಪರೀಕ್ಷೆಗಳ ಹಳೆಯ ಪ್ರಶ್ನೆ. ನಿಮ್ಮ ವಿದ್ಯಾರ್ಥಿಗಳು ನಿಯಮವನ್ನು ಗಿಳಿಪಾಠದಂತೆ ಒಪ್ಪಿಸಿಯಾರು, ಮಾತಿಗೆ ಕುಳಿತಾಗ ಮಾತ್ರ ‘ನಾನು’ ಎಂದೇ ವಾಕ್ಯ ಆರಂಭಿಸುತ್ತಾರೆ. ಇಲ್ಲಿ ಕನ್ನಡ ನಮಗೆ ನೆರವಾಗುತ್ತದೆ. ‘ಅಡುಗೆಗೆ ಒಂದು ಗಂಟೆ ಹಿಡಿಯಿತು’ ಎನ್ನುತ್ತೇವೆ, ‘ನಾನು ಒಂದು ಗಂಟೆ ಹಿಡಿದೆ’ ಎನ್ನುವುದಿಲ್ಲ. ‘ಟೇಕ್’ ಕೂಡ ಹೆಚ್ಚಾಗಿ ಹೀಗೆಯೇ, ಸಮಯ ಹಿಡಿಯುವುದು ಕೆಲಸ. ನಾನು ನಿಯಮ ಹೇಳುವುದನ್ನೇ ಬಿಟ್ಟು ಪ್ರಶ್ನೆ ಕೇಳುತ್ತೇನೆ. ಬೀಜಿಂಗ್‌ನಿಂದ ಶಾಂಘೈಗೆ ಹೈಸ್ಪೀಡ್ ರೈಲಿನ ಹಾದಿ ಸುಮಾರು 1,300 ಕಿಲೋಮೀಟರ್. ಆ ಪ್ರಯಾಣಕ್ಕೆ ಎಷ್ಟು ಹೊತ್ತು? ನಾಲ್ಕೂವರೆ ಗಂಟೆ ಎಂದು ಉತ್ತರಿಸುವಾಗ ‘ನಾನು’ ಎಂದು ಆರಂಭಿಸಲು ಅವರಿಗೆ ಆಸ್ಪದವೇ ಇರುವುದಿಲ್ಲ.

ಒಯ್ಯುವ ಅರ್ಥದ ‘ಟೇಕ್’ ಮತ್ತು ತರುವ ಅರ್ಥದ ‘ಬ್ರಿಂಗ್’ ಅಷ್ಟು ಕಷ್ಟವಲ್ಲ. ‘ತೆಗೆದುಕೊಂಡು ಬಾ’, ‘ತೆಗೆದುಕೊಂಡು ಹೋಗು’ ಎಂದು ನಾವು ಹೇಳುವಂತೆಯೇ ಅವರೂ ‘ನಾ’ ಎಂಬುದಕ್ಕೆ ‘ಲಾಯ್’ ಸೇರಿಸಿದರೆ ಬರುವುದು, ‘ಚ್ಯೂ’ ಸೇರಿಸಿದರೆ ಹೋಗುವುದು.

‘ಟೇಕ್ ಎ ಲುಕ್’ ಎಂಬ ಬಳಕೆಯನ್ನು ಕಲಿಸುವಾಗ ನನಗೆ ಬಹಳ ಸಂತೋಷವಾಗುತ್ತದೆ. ‘ಒಮ್ಮೆ ನೋಡಿ’ ಎನ್ನಲು ಅವರು ಕ್ರಿಯಾಪದವನ್ನೇ ಎರಡು ಸಲ ಹೇಳುತ್ತಾರೆ, ‘ಖಾನ್ ಯಿ ಖಾನ್’ ಎಂದು. ನಡುವಿನ ‘ಯಿ’ ಎಂದರೆ ಒಂದು. ಇಂಗ್ಲಿಷಿನ ‘ಎ’ ಅದೇ ‘ಒಂದು’ ಎಂದು ತೋರಿಸಿದ ಕ್ಷಣ ಆ ಮಹಿಳೆ ಪೆನ್ನು ಕೆಳಗಿಟ್ಟು ‘ಖಾನ್ ಯಿ ಖಾನ್’ ಎಂದು ಮೆಲ್ಲಗೆ ಹೇಳಿಕೊಂಡರು. ಆಮೇಲೆ ಆ ಬಳಕೆಯಲ್ಲಿ ಅವರು ತಪ್ಪಲಿಲ್ಲ.

ಭೂತಕಾಲದ ‘ಟುಕ್’, ‘ಟೇಕನ್’ಗಳಿಗೆ ಅಭ್ಯಾಸವೊಂದೇ ದಾರಿ. ಅವರ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ, ಹಾಗಾಗಿ ತಿಂಗಳುಗಟ್ಟಲೆ ತಿದ್ದಬೇಕಾಗುತ್ತದೆ. ನಿಮ್ಮ ವಿದ್ಯಾರ್ಥಿಗಳು ಯಾವ ಹಂತದವರು ಎಂದು ತಿಳಿಸಿದರೆ, ನಾನು ತರಗತಿಯಲ್ಲಿ ಬಳಸುವ ಪ್ರಶ್ನೆಗಳನ್ನು ಇಲ್ಲಿಯೇ ಬರೆಯುತ್ತೇನೆ.