ಅಡವಿಯೊಳಗಿನ ಜಲಪಾತ: ಯಾವಾಗ ಹೋಗಬೇಕು, ಹೇಗೆ ಹೋಗಬೇಕು?

ಪ್ರಶ್ನೆ: ನಾವು ಹುಬ್ಬಳ್ಳಿ ವಿದ್ಯಾನಗರದ ನಾಲ್ಕು ಜನ ಗೆಳೆಯರು. ಯಲ್ಲಾಪುರದ ಕಾಡಿನಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲದ ಒಂದು ಜಲಪಾತ ಇದೆಯಂತೆ. ಪರಿಚಯದವರು ಮೊಬೈಲಿಗೆ ಲೊಕೇಶನ್ ಕಳಿಸಿದ್ದಾರೆ. ನೀರು ತುಂಬಿರುವ ಜುಲೈಯಲ್ಲೇ ಹೋಗಬೇಕು ಅಂತ ಇದ್ದೇವೆ. ರಕ್ತ ಹೀರುವ ಇಂಬಳದ್ದೇ (ಕಾಡಿನ ಜಿಗಣೆ) ಹೆದರಿಕೆ. ಏನು ತಯಾರಿ ಬೇಕು?

ಉತ್ತರ: ಇಂಬಳದ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಜುಲೈ ಬಿಟ್ಟುಬಿಡಿ. ದಸರಾ ಮುಗಿಸಿ ಹೋಗಿ. ಆಗಲೂ ನೀರು ಚೆನ್ನಾಗಿರುತ್ತದೆ, ಹಳ್ಳ ದಾಟಲು ಬರುತ್ತದೆ.

ಧಾರವಾಡದ ಸೋಮೇಶ್ವರ ಗುಡಿ ಹತ್ತಿರ ಹುಟ್ಟುವ ಶಾಲ್ಮಲೆಯ ನೀರೇ ಕಲಘಟಗಿ ದಾಟಿ, ಬೇಡ್ತಿ ಹೊಳೆಯಾಗಿ ಯಲ್ಲಾಪುರದ ಹತ್ತಿರದ ಮಾಗೋಡಿನಲ್ಲಿ ಸುಮಾರು 200 ಮೀಟರ್ ಕೆಳಗೆ ಧುಮುಕುತ್ತದೆ. ಅಂದರೆ ಅಲ್ಲಿನ ನೀರಿನ ಲೆಕ್ಕ ಇಲ್ಲಿನ ಮಳೆಯಲ್ಲಿದೆ. ದೊಡ್ಡ ಹೊಳೆ ಏರಲು ಹೊತ್ತು ಬೇಕು. ಕಾಡಿನ ಸಣ್ಣ ಹಳ್ಳ ಹಾಗಲ್ಲ. ಮೇಲಿನ ಗುಡ್ಡದಲ್ಲಿ ಒಂದು ಜೋರು ಮಳೆ ಬಿದ್ದರೆ ಸಾಕು.

ಒಮ್ಮೆ ಆಗಸ್ಟ್‌ನಲ್ಲಿ ಮೊಣಕಾಲುದ್ದದ ಹಳ್ಳ ದಾಟಿ ಹೋಗಿದ್ದೆವು. ವಾಪಸ್ ಬರುವಾಗ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ತರಗೆಲೆ, ಮುರಿದ ಕಡ್ಡಿ ತೇಲಿ ಬರುತ್ತಿದ್ದವು. ನಾವು ನಿಂತ ಕಡೆ ಬಿಸಿಲು! ಜೊತೆಗಿದ್ದ ಊರಿನ ಹಿರಿಯರು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಹತ್ತೇ ನಿಮಿಷದಲ್ಲಿ ನಾವು ಕಾಲಿಡಬೇಕಿದ್ದ ಕಲ್ಲು ಮುಳುಗಿತು. ಇಳಿಯುವ ತನಕ ಮೂರು ತಾಸು ಅಲ್ಲೇ ಕೂತೆವು. ಬಣ್ಣ ಬದಲಾಯಿತು, ಕಸ ಬಂತು, ಸದ್ದು ದಪ್ಪವಾಯಿತು ಅಂದರೆ ಹಳ್ಳ ಬಿಟ್ಟು ಎತ್ತರಕ್ಕೆ ಹತ್ತಿ. ಬ್ಯಾಗ್, ಚಪ್ಪಲಿ ಹೋದರೆ ಹೋಗಲಿ.

ಇಂಥ ಹಿರಿಯರೊಬ್ಬರು ಜೊತೆಗಿರಲೇಬೇಕು. ಲೊಕೇಶನ್ ಇದ್ದ ಮಾತ್ರಕ್ಕೆ ದಾರಿ ಇರುತ್ತದೆ ಅಂತ ಅಲ್ಲ. ಒಳಗೆ ನೆಟ್‌ವರ್ಕ್ ಹೋಗುತ್ತದೆ. ಮೀಸಲು ಅರಣ್ಯಕ್ಕೆ ಸುಮ್ನೆ ನುಗ್ಗಿದರೆ ಕೇಸೂ ಆಗುತ್ತದೆ. ಯಲ್ಲಾಪುರದ ಅರಣ್ಯ ಕಚೇರಿಯಲ್ಲಿ ಕೇಳಿಕೊಂಡೇ ಹೋಗಿ. ಅವರು ಬೇಡ ಅಂದರೆ ಸಾತೊಡ್ಡಿ ಜಲಪಾತ ನೋಡಿ ಬನ್ನಿ. ಯಲ್ಲಾಪುರದಿಂದ ಸುಮಾರು 32 ಕಿಲೋಮೀಟರ್, ನಡೆಯಲು ದಾರಿ ಇದೆ. ಎತ್ತರ 15 ಮೀಟರ್ ಅಷ್ಟೇ, ಆದರೆ ಕಾಡು ಬಹಳ ಚಂದ.

ಬೆಳಗ್ಗೆ ಬೇಗ ಹೊರಡಿ. ದಟ್ಟ ಮರಗಳ ಕೆಳಗೆ ಸಂಜೆ ಐದಕ್ಕೇ ಮಬ್ಬು ಕವಿಯುತ್ತದೆ. ಎರಡು ಗಂಟೆ ಆದ ಕೂಡಲೇ, ಜಲಪಾತ ಸಿಗದಿದ್ದರೂ ಹಿಂದಿರುಗಿ. ಸಿಕ್ಕರೆ ಗುಂಡಿಗೆ ಮಾತ್ರ ಇಳಿಯಬೇಡಿ. ನೀರು ಬೀಳುವ ಜಾಗದ ಬಿಳಿ ನೊರೆಯಲ್ಲಿ ಅರ್ಧ ಗಾಳಿಯೇ ತುಂಬಿರುತ್ತದೆ. ಅದು ಮೈಯನ್ನು ಎತ್ತಿ ಹಿಡಿಯುವುದಿಲ್ಲ, ಈಜು ಬಲ್ಲವರೂ ಮುಳುಗುತ್ತಾರೆ.

ಇನ್ನು ಇಂಬಳ. ದಪ್ಪ ನೇಯ್ಗೆಯ ಉದ್ದ ಕಾಲುಚೀಲ ಹಾಕಿ, ಪ್ಯಾಂಟಿನ ತುದಿ ಅದರೊಳಗೆ ಸೇರಿಸಿ. ಕಚ್ಚಿದರೆ ಎಳೆಯಬೇಡಿ, ಸುಡಬೇಡಿ. ಬಾಯಿ ಅಂಟಿದ ಕಡೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಅದರ ಜೊಲ್ಲಿನಲ್ಲಿದೆ, ಹಾಗಾಗಿ ಸ್ವಲ್ಪ ಹೊತ್ತು ಸೋರುತ್ತದೆ. ತೊಳೆದು, ಬಟ್ಟೆ ಒತ್ತಿ ಹಿಡಿಯಿರಿ.

ಪ್ರಶ್ನೆ: ನಾವು ಗದುಗಿನವರು. ಜನವರಿಯಲ್ಲಿ ಮಕ್ಕಳ ಜೊತೆ ಸಿದ್ದಾಪುರದ ಉಂಚಳ್ಳಿ ಜಲಪಾತಕ್ಕೆ ಹೋಗಬಹುದಾ? ಮಂಗನ ಕಾಯಿಲೆ ಅಂತಾರಲ್ಲ?

ಉತ್ತರ: ಹೋಗಬಹುದು, ಆದರೆ ವಿಚಾರಿಸಿಕೊಂಡು. ಈ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಹರಡುವುದು ಉಣ್ಣಿಯಿಂದ, ಜಾಸ್ತಿ ಕಾಣುವುದು ಡಿಸೆಂಬರ್‌ನಿಂದ ಮೇ ತನಕ. ಹೊರಡುವ ಮುಂಚೆ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಈ ವರ್ಷ ಕಾಯಿಲೆ ಇದೆಯಾ ಕೇಳಿ. ಮಕ್ಕಳಿಗೆ ತುಂಬು ತೋಳಿನ ಬಟ್ಟೆ ಹಾಕಿ, ತರಗೆಲೆ ಮೇಲೆ ಕೂರಿಸಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಮನೆಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆ ಒಗೆಯಲು. ಆಮೇಲೆ ಒಂದೆರಡು ವಾರದೊಳಗೆ ಯಾರಿಗಾದರೂ ಜ್ವರ ಬಂದರೆ, ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಮೊದಲೇ ಹೇಳಿ.