ಅಪ್ಪ ಹೋಗಿದ್ದು ಬಾಯಿ ಕ್ಯಾನ್ಸರಿಗೆ, ಚೀಟೀಲಿ ಬರೆದಿದ್ದು ಹಾರ್ಟ್ ನಿಂತೋಯ್ತು ಅಂತ

ಪ್ರಶ್ನೆ: ಡಾಕ್ಟ್ರೇ, ನಮ್ದು ಕೊಪ್ಪದ ಹತ್ರ ಅಡಿಕೆ ತೋಟ. ಅಪ್ಪಂಗೆ ಎರಡು ವರ್ಷದಿಂದ ಕೆನ್ನೆ ಒಳಗೆ ಕ್ಯಾನ್ಸರ್, ಬಯಾಪ್ಸಿ ಎಲ್ಲಾ ಆಗಿತ್ತು, ಹೋದ ತಿಂಗಳು ಆಸ್ಪತ್ರೇಲೇ ತೀರ್ಕೊಂಡ್ರು. ಅಲ್ಲಿ ಕೊಟ್ಟ ಚೀಟೀಲಿ 'ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್', ಅಂದ್ರೆ ಹಾರ್ಟು, ಉಸಿರು ನಿಂತೋಯ್ತು ಅಂತಷ್ಟೇ ಇದೆ. ಪೋಸ್ಟ್‌ಮಾರ್ಟಂ ಮಾಡಿಸ್ಬೇಕಿತ್ತಾ? ಬಾಯಿ ಕ್ಯಾನ್ಸರ್ ಸಾವು ಜಾಸ್ತಿ ಆಗ್ತಿದೆ ಅಂತಾರಲ್ಲ, ಆ ಲೆಕ್ಕ ಎಲ್ಲಿಂದ ಬರುತ್ತೆ?

ಉತ್ತರ: ಬೇಕಿರಲಿಲ್ಲ ಬಿಡಿ. ನಮ್ಮ ಕಡೆ ಪೋಸ್ಟ್‌ಮಾರ್ಟಂ ಅಂದ್ರೆ ಆಕ್ಸಿಡೆಂಟು, ವಿಷ, ನೇಣು, ಒಟ್ನಲ್ಲಿ ಪೊಲೀಸ್ ಕೇಸು. ಕಾಯಿಲೆ ಏನಿತ್ತು ಅಂತ ನೋಡೋಕೆ ಮನೆಯೋರನ್ನ ಕೇಳಿ ಮಾಡೋದು ಇಲ್ಲಿ ಅಪರೂಪ, ಅಮೆರಿಕದಲ್ಲೇ ಒಂದು ಕಾಲಕ್ಕೆ ಆಸ್ಪತ್ರೆ ಸಾವಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಮಾಡ್ತಿದ್ದೋರು ಈಗ ನೂರಕ್ಕೆ ಹತ್ತೂ ಮಾಡಲ್ಲ. ಹೊಟ್ಟೆ ಒಳಗಿನ ಕ್ಯಾನ್ಸರಾದ್ರೆ ಪೋಸ್ಟ್‌ಮಾರ್ಟಂ ಮಾಡದೆ ಲೆಕ್ಕ ತಪ್ಪಬಹುದು, ಬಾಯಿದು ಟಾರ್ಚ್ ಬಿಟ್ರೆ ಕಾಣುತ್ತೆ, ಬಯಾಪ್ಸಿ ಆಗಿದ್ರೆ ಇನ್ನೇನು ಬೇಕು.

ಎಡವಟ್ಟಾಗಿರೋದು ಚೀಟೀಲಿ. ಅದು ಫಾರಂ 4, ಆಸ್ಪತ್ರೇಲಿ ತೀರ್ಕೊಂಡೋರ ಸಾವಿನ ಕಾರಣ ಡಾಕ್ಟ್ರು ಬರೆದುಕೊಡೋ ಚೀಟಿ. ಮೊದಲ ಗೆರೇಲಿ ಕೊನೆಗೆ ಆಗಿದ್ದು, ನ್ಯುಮೋನಿಯಾನೋ ರಕ್ತಸ್ರಾವಾನೋ, ಅದರ ಕೆಳಗೆ ಇದಕ್ಕೆಲ್ಲ ಮೂಲ ಆಗಿದ್ದ ಕೆನ್ನೆ ಕ್ಯಾನ್ಸರ್ ಬರೀಬೇಕು, ಲೆಕ್ಕಕ್ಕೆ ಹೋಗೋದು ಆ ಮೂಲದ್ದೇ. ಸಾಯೋವಾಗ ಯಾರ ಹಾರ್ಟ್ ತಾನೇ ನಿಲ್ಲಲ್ಲ ಹೇಳಿ? ರಾತ್ರಿ ಡ್ಯೂಟೀಲಿ ಅವಸರಕ್ಕೆ ಹೀಗೆ ಗೀಚ್ತಾರೆ, ಹುಡುಗನಾಗಿದ್ದಾಗ ನಾನೂ ಗೀಚಿದೀನಿ. ಬಯಾಪ್ಸಿ ರಿಪೋರ್ಟ್ ಹಿಡ್ಕೊಂಡು ಬರೆದ ಡಾಕ್ಟ್ರ ಹತ್ರ ಹೋಗಿ ಸರಿ ಮಾಡೋಕಾಗುತ್ತಾ ಕೇಳಿ. ಆಮೇಲೆ ಸಿಗೋ ಡೆತ್ ಸರ್ಟಿಫಿಕೇಟಲ್ಲಿ ಕಾರಣ ಹುಡುಕ್ಬೇಡಿ, ಅದರಲ್ಲಿ ಕಾರಣ ಹಾಕಬಾರ್ದು ಅಂತ 1969ರ ಕಾಯ್ದೇಲೇ ಇದೆ.

ಇನ್ನು ದೇಶದ ಲೆಕ್ಕ. 2020ರಲ್ಲಿ ನೋಂದಣಿಯಾದ ಸಾವಲ್ಲಿ ಡಾಕ್ಟ್ರು ಕಾರಣ ಬರೆದಿದ್ದು ನೂರಕ್ಕೆ 22-23 ಅಷ್ಟೇ. ಉಳಿದೋರದ್ದು? ಆಯ್ದ ಊರುಗಳಲ್ಲಿ ಮನೆಗೇ ಹೋಗಿ, ಗಾಯ ಎಲ್ಲಿತ್ತು, ನುಂಗೋಕಾಗ್ತಿತ್ತಾ, ಎಷ್ಟು ತಿಂಗಳಿಂದ ಅಂತ ಕೇಳಿ ಬರ್ಕೊಳ್ತಾರೆ, ಇಬ್ಬರು ಡಾಕ್ಟ್ರು ಅದನ್ನ ಬೇರೆಬೇರೆ ಓದಿ ಕಾರಣ ಹಾಕ್ತಾರೆ. ವರ್ಬಲ್ ಅಟಾಪ್ಸಿ ಅಂತಾರೆ, ಚಾಕು ಇಲ್ಲದ ಪೋಸ್ಟ್‌ಮಾರ್ಟಂ ಅನ್ನಿ. 30ರಿಂದ 69 ವಯಸ್ಸಿನ ಗಂಡಸರ ಕ್ಯಾನ್ಸರ್ ಸಾವಲ್ಲಿ ನೂರಕ್ಕೆ ಸುಮಾರು 23 ಬಾಯಿ-ಗಂಟಲಿದು ಅಂತ 2010ರ ಅಂದಾಜು ಸಿಕ್ಕಿದ್ದು ಹೀಗೇ. ಗ್ಲೋಬೊಕಾನ್ ಅನ್ನೋ ಜಗತ್ತಿನ ಕ್ಯಾನ್ಸರ್ ಲೆಕ್ಕದ ಅಂದಾಜಲ್ಲಿ ನಮ್ಮ ದೇಶದ ಬಾಯಿ ಕ್ಯಾನ್ಸರ್ ಸಾವು 2012ಕ್ಕೆ 52 ಸಾವಿರ, 2020ಕ್ಕೆ 75 ಸಾವಿರ. ಜನಸಂಖ್ಯೆ, ವಯಸ್ಸು ಎರಡೂ ಏರಿದ್ದೂ ಅದರಲ್ಲಿ ಸೇರಿದೆ.

ತೋಟದೋರಿಗೆ ಹೇಳೋಕೆ ಬಾಯಿ ಬರಲ್ಲ, ಆದ್ರೂ ಹೊಗೆಸೊಪ್ಪು ಹಾಕ್ದಿದ್ರೂ ಬರೀ ಅಡಿಕೇನೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಏಜೆನ್ಸಿ 2004ರಲ್ಲೇ ಹೇಳಿದೆ. ನೀವೂ ಅಡಿಕೆ ಹಾಕೋರಾದ್ರೆ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಹೋಗುತ್ತಾ ನೋಡ್ಕೊಳ್ಳಿ. ಹೋಗ್ಲಿಲ್ಲ ಅಂದ್ರೆ, ಇಲ್ಲಾ ಸಾರಿನ ಖಾರಕ್ಕೇ ಬಾಯಿ ಉರೀತಿದ್ರೆ, ಈ ವಾರವೇ ಹಲ್ಲಿನ ಡಾಕ್ಟ್ರಿಗೆ ತೋರಿಸಿ.