ಅವರ ಹೆಸರು ಕೇಳಿದಿರಾ?

ಓದುಗರ ಪತ್ರ: "ಹನ್ನೊಂದು ವರ್ಷದಿಂದ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಊರೂರು ಸುತ್ತುತ್ತಿದ್ದೇನೆ. ನಾನು ಕಲಿತದ್ದೆಲ್ಲ ದಾರಿಯಲ್ಲೇ. ಕಳೆದ ತಿಂಗಳು ನಿಮಗೆ ಹನ್ನೆರಡು ಚಿತ್ರ ಕಳಿಸಿದ್ದೆ. ಯಾರು, ಎಲ್ಲಿ, ಯಾವಾಗ ಅಂತ ಬರೆದು ಕಳಿಸಿ ಎಂದು ವಾಪಸ್ ಮಾಡಿದಿರಿ. ಒಳ್ಳೆಯ ಚಿತ್ರ ತಾನೇ ಮಾತಾಡುತ್ತದೆ, ಅಲ್ವಾ? ಆ ಕುರಿಗಾಹಿಯ ಚಿತ್ರವನ್ನೇ ನೋಡಿ. ನೂರಾರು ಕುರಿಗಳಲ್ಲಿ ಒಂದೊಂದನ್ನೂ ಮುಖ ನೋಡಿಯೇ ಗುರುತು ಹಿಡಿಯುವುದು ಹೇಗೆ ಅಂತ ಅವರು ಮಧ್ಯಾಹ್ನವಿಡೀ ನನಗೆ ತೋರಿಸಿಕೊಟ್ಟರು. ಅದನ್ನೆಲ್ಲ ಬರೆಯುತ್ತಾ ಕೂತರೆ ಫೋಟೋ ತೆಗೆಯುವುದು ಯಾವಾಗ?"

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ನಿಮ್ಮ ಸುತ್ತಾಟದ ಮೇಲೆ ಆಸೆಯಾಯಿತು. ಎರಡನೇ ಸಲ ಆ ಕುರಿಗಾಹಿಯ ಸಾಲಿಗೆ ಬಂದು ನಿಂತುಬಿಟ್ಟೆ. ಆ ಸಾಲಿಗೆ ಕೊನೆಯಲ್ಲಿ ಬರುತ್ತೇನೆ.

ಮೊದಲು ನಿಮ್ಮ ಮಾತು ಒಪ್ಪಿಕೊಳ್ಳುತ್ತೇನೆ. ಕಣ್ಣು ಹಿಡಿದದ್ದನ್ನು ಮಾತು ಹಿಡಿಯಲಾರದ ಗಳಿಗೆಗಳಿವೆ. ಕ್ಯಾಮೆರಾ ಇದ್ದರೆ ಮನುಷ್ಯ ಏನನ್ನೂ ನೋಡುವುದಿಲ್ಲ ಎನ್ನುವವರ ಮಾತನ್ನೂ ನಾನು ಪೂರ್ತಿ ನಂಬುವುದಿಲ್ಲ. ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆ ಒಂದು ಮ್ಯೂಸಿಯಂನಲ್ಲಿ ಪ್ರಯೋಗ ಮಾಡಿ 2014ರಲ್ಲಿ ಪ್ರಕಟಿಸಿದರು. ಸುಮ್ನೆ ಫೋಟೋ ತೆಗೆದುಕೊಂಡು ಮುಂದೆ ಹೋದ ವಸ್ತುಗಳು ಜನರಿಗೆ ಅಷ್ಟಾಗಿ ನೆನಪಿರಲಿಲ್ಲ. ಬರೀ ನೋಡಿದ ವಸ್ತುಗಳೇ ಜಾಸ್ತಿ ನೆನಪಿದ್ದವು. ಆದರೆ ವಸ್ತುವಿನ ಒಂದು ಭಾಗವನ್ನು ಹತ್ತಿರಕ್ಕೆ ಎಳೆದುಕೊಂಡು ತೆಗೆದಾಗ ನೆನಪು ಹಾಗೆ ಮಸುಕಾಗಿರಲಿಲ್ಲ. ಗಮನ ಇದ್ದರೆ ಕ್ಯಾಮೆರಾ ಕಲಿಸುತ್ತದೆ. ಇಷ್ಟು ನಿಮ್ಮ ಪಾಲಿಗೆ.

ಈಗ ನನ್ನ ಪಾಲು. ತುಂಬಾ ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಗೆ ಒಂದು ಚಿತ್ರ ಬಂತು. ಬೆಳಗಿನ ಮಂಜು, ಒಂದು ದೋಣಿ, ಅದರಲ್ಲಿ ಕೂತ ಮುದುಕರು. ಫೋಟೋ ತೆಗೆದವರು ಏನೂ ಬರೆದಿರಲಿಲ್ಲ. 'ಮೀನುಗಾರನ ಮುಂಜಾವು' ಅಂತ ಹೆಸರಿಟ್ಟು ಮುದ್ರಿಸಿದವನು ನಾನೇ. ಎರಡು ವಾರಕ್ಕೆ ಒಂದು ಕಾರ್ಡು ಬಂತು. ಬರೆದವಳು ಅವರ ಮೊಮ್ಮಗಳು. ಅಜ್ಜ ಮೇಷ್ಟ್ರಾಗಿದ್ದವರಂತೆ. ಜೀವನದಲ್ಲಿ ಬಲೆ ಮುಟ್ಟಿದವರಲ್ಲವಂತೆ. ಆಚೆ ದಡದ ಆಸ್ಪತ್ರೆಯಲ್ಲಿ ಮಲಗಿದ್ದ ಅಜ್ಜಿಯನ್ನು ನೋಡಲು ಹೊರಟಿದ್ದರಂತೆ. ಬೈಗುಳ ಒಂದೂ ಇರಲಿಲ್ಲ ಆ ಕಾರ್ಡಿನಲ್ಲಿ. ಮುಂದಿನ ಸಂಚಿಕೆಯಲ್ಲಿ ತಪ್ಪೊಪ್ಪಿಗೆ ಹಾಕಿದೆವು. ನೀವು ಹೇಳುವ ಹಾಗೆ ಆ ಚಿತ್ರ ತಾನೇ ಮಾತಾಡಿತ್ತು. ಆಡಿದ್ದು ಸುಳ್ಳು. ಅಂದಿನಿಂದ ಅಡಿಬರಹ ಇಲ್ಲದ ಚಿತ್ರವನ್ನು ನಾನು ಮುದ್ರಿಸಿಲ್ಲ.

ದೊಡ್ಡವರಿಗೂ ಹೀಗೆ ಆಗಿದೆ. 1936ರ ಮಾರ್ಚ್‌ನಲ್ಲಿ ಅಮೆರಿಕದ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ರಸ್ತೆಯಲ್ಲಿ ಕಾರಿನಲ್ಲಿ ಮನೆಗೆ ಹೊರಟಿದ್ದರು. ತಿಂಗಳ ಸುತ್ತಾಟ ಮುಗಿದಿತ್ತು, ದಣಿದಿದ್ದರು. ನಿಪೋಮೊ ಎಂಬಲ್ಲಿ ಬಟಾಣಿ ಕೀಳುವವರ ಬಿಡಾರದ ಬೋರ್ಡು ಕಂಡಿತು. ಸುಮಾರು ಇಪ್ಪತ್ತು ಮೈಲಿ ಮುಂದೆ ಹೋದವರು ಮನಸ್ಸು ತಡೆಯದೆ ಕಾರು ತಿರುಗಿಸಿದರು. ಡೇರೆಯಲ್ಲಿ ಮಕ್ಕಳ ಜೊತೆ ಕೂತಿದ್ದ ಒಬ್ಬ ತಾಯಿಯ ಕೆಲವೇ ಚಿತ್ರ ತೆಗೆದು ಹೊರಟರು. ಅದರಲ್ಲಿ ಒಂದು ಲೋಕಪ್ರಸಿದ್ಧವಾಯಿತು. ಹೆಸರನ್ನಾಗಲೀ ಹಿನ್ನೆಲೆಯನ್ನಾಗಲೀ ಕೇಳಲಿಲ್ಲ ಅಂತ ಲ್ಯಾಂಗ್ ಅವರೇ ಆಮೇಲೆ ಬರೆದರು. ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ಗೊತ್ತಾದದ್ದು 1978ರಲ್ಲಿ! ಆಕೆ ಚೆರೋಕಿ ಮೂಲನಿವಾಸಿ ಹೆಣ್ಣುಮಗಳು. ಆ ಚಿತ್ರದ ಬಗ್ಗೆ ಆಕೆಗೆ ನೋವಿತ್ತು. ನನ್ನ ಹೆಸರನ್ನೂ ಕೇಳಲಿಲ್ಲ ಎಂಬ ಮಾತು ಅವರ ಬಾಯಲ್ಲೂ ಬಂತು. ಲ್ಯಾಂಗ್ ಅಸಡ್ಡೆಯ ಮನುಷ್ಯೆ ಅಲ್ಲ. ಬೇರೆ ಕಡೆ ಜನ ಆಡಿದ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಅದಕ್ಕೇ ಈ ಒಂದು ದಿನ ನನ್ನನ್ನು ಕಾಡುತ್ತದೆ.

1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕ್‌ಕರಿ ತೆಗೆದ ಅಫ್ಘನ್ ಹುಡುಗಿಯ ಚಿತ್ರ ನಿಮಗೆ ಗೊತ್ತೇ ಇರುತ್ತದೆ. ಆ ಕಣ್ಣು ಯಾರಿಗೆ ಮರೆಯುತ್ತದೆ? ಆದರೆ ಅವಳು ಶರ್ಬತ್ ಗುಲಾ ಎಂದು ತಿಳಿದದ್ದು 2002ರಲ್ಲಿ. ತನ್ನ ಆ ಚಿತ್ರವನ್ನು ಅವಳು ಮೊದಲ ಸಲ ನೋಡಿದ್ದೂ ಆಗಲೇ.

ಬರೆಯುತ್ತಾ ಕೂತರೆ ಫೋಟೋ ತೆಗೆಯುವುದು ಯಾವಾಗ ಅಂತ ಕೇಳಿದಿರಿ. ನನಗೆ ಇಂಗ್ಲೆಂಡಿನ ಪ್ರವಾಸ ಲೇಖಕಿ ಇಸಬೆಲ್ಲಾ ಬರ್ಡ್ ನೆನಪಾಗುತ್ತಾರೆ. ಅರವತ್ತರ ಆಸುಪಾಸಿನಲ್ಲಿ ಫೋಟೋಗ್ರಫಿ ಕಲಿತ ಹೆಂಗಸು. 1896ರಲ್ಲಿ ಚೀನಾದ ಯಾಂಗ್ಟ್ಸಿ ನದಿಯಲ್ಲಿ ದೋಣಿ ಹತ್ತಿ ಹೊರಟರು. ಆಗ ಅವರಿಗೆ ಅರವತ್ತನಾಲ್ಕು ದಾಟಿತ್ತು. ರಾತ್ರಿಯ ಕತ್ತಲೇ ಡಾರ್ಕ್‌ರೂಮ್. ನೆಗೆಟಿವ್‌ಗಳಿಗೆ ಅಂಟಿದ ಹೈಪೊ ಎಂಬ ರಾಸಾಯನಿಕ ತೊಳೆಯಲು ದೋಣಿಯ ಅಂಚಿನಿಂದ ಬಗ್ಗಿ ಹರಿಯುವ ನೀರಿಗೇ ಹಿಡಿಯುತ್ತಿದ್ದರು. ನದಿಯಲ್ಲಿ ಕೆಸರು ಜಾಸ್ತಿ. ಅದಕ್ಕೆ ಕೊನೆಯಲ್ಲಿ ಸೋಸಿದ ನೀರಿನಲ್ಲಿ ಇನ್ನೊಮ್ಮೆ ತೊಳೆಯಬೇಕು. ಇಷ್ಟೆಲ್ಲ ಮಾಡಿಯೂ ಅವರು ಬರೆದರು! ಯಾರ ಮನೆ, ಯಾವ ಊರು, ಹಗ್ಗ ಕಟ್ಟಿ ದೋಣಿಯನ್ನು ಪ್ರವಾಹದ ಎದುರು ಎಳೆಯುವವರ ಪಾಡೇನು, ಎಲ್ಲವನ್ನೂ ಬರೆದರು. ನಮಗೆ ಇವತ್ತು ತೊಳೆಯಲು ನೆಗೆಟಿವ್ ಇಲ್ಲ. ಫೋನಿನಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ಆದರೂ ಬಿಡುವಿಲ್ಲ ಅನ್ನುತ್ತೇವೆ.

ದೇಶ ಸುತ್ತಬೇಕು, ಕೋಶ ಓದಬೇಕು ಅನ್ನುತ್ತಾರಲ್ಲ, ಅವು ಎರಡು ಬೇರೆ ಕೆಲಸ ಅಂದುಕೊಂಡಿದ್ದೇವೆ. ಸುತ್ತಿದವರು ಬರೆದಿಡದಿದ್ದರೆ ಕೋಶ ಎಲ್ಲಿಂದ ಬರಬೇಕು?

ನನ್ನ ಸಿಟ್ಟು ನಿಮ್ಮೊಬ್ಬರ ಮೇಲಲ್ಲ. ನನ್ನ ಮೇಜಿಗೆ ಬರುವ ಚಿತ್ರಗಳಲ್ಲಿ ಎಷ್ಟೋ ಒಂದೇ ಜಾಗದಲ್ಲಿ ನಿಂತು ತೆಗೆದವು. ಯಾರೋ ಒಬ್ಬರ ಚಿತ್ರಕ್ಕೆ ಲಕ್ಷ ಮೆಚ್ಚುಗೆ ಬಂತೆಂದು ಉಳಿದವರೂ ಅಲ್ಲಿಗೇ ಓಡುತ್ತಾರೆ. ಜಪಾನಿನ ಫುಜಿಕವಾಗುಚಿಕೊ ಎಂಬ ಊರಿನಲ್ಲಿ ಒಂದು ಅಂಗಡಿಯ ಹಿಂದೆ ಫುಜಿ ಬೆಟ್ಟ ಎದ್ದು ನಿಂತ ಹಾಗೆ ಕಾಣುತ್ತದೆ. ಆ ಒಂದು ಚಿತ್ರಕ್ಕಾಗಿ ಜನ ಕಂಡಲ್ಲಿ ರಸ್ತೆ ದಾಟಿದರು, ಕಸ ಬಿಸಾಡಿದರು. 2024ರ ಮೇ ತಿಂಗಳಲ್ಲಿ ಆ ಊರಿನವರು ಎರಡೂವರೆ ಮೀಟರ್ ಎತ್ತರದ ಕಪ್ಪು ಬಲೆ ಕಟ್ಟಿ ಬೆಟ್ಟವನ್ನೇ ಮರೆ ಮಾಡಬೇಕಾಯಿತು. ಆ ಬಲೆಗೂ ಕ್ಯಾಮೆರಾ ಕಣ್ಣಿನಷ್ಟು ತೂತು ಬಿದ್ದವು. ಅಲ್ಲಿ ನಿಂತವರಲ್ಲಿ ಎಷ್ಟು ಜನ ಆ ಊರಿನ ಒಬ್ಬರನ್ನಾದರೂ ಮಾತಾಡಿಸಿದ್ದರು? ಇದನ್ನೂ ನಾವು ಪ್ರವಾಸ ಅಂತಲೇ ಕರೆಯುತ್ತಿದ್ದೇವೆ. ನನಗೆ ಸಂಕಟವಾಗುತ್ತದೆ. ಈಗಂತೂ ಇಲ್ಲದ ಊರಿನ ಇಲ್ಲದ ಮುದುಕಿಯ ಮುಖವನ್ನು ಕಂಪ್ಯೂಟರೇ ಮಾಡಿ ಕೊಡುತ್ತದೆ, ಸುಕ್ಕಿನ ಸಮೇತ. ನಿಜವಾಗಿ ಅಲ್ಲಿ ಹೋಗಿ ಬಂದವರು ಅಲ್ಲಿ ಕೇಳಿದ್ದನ್ನು ಬರೆಯದಿದ್ದರೆ, ಆ ಮುಖಕ್ಕೂ ಈ ಮುಖಕ್ಕೂ ಓದುಗ ಹೇಗೆ ವ್ಯತ್ಯಾಸ ಹುಡುಕಬೇಕು?

ಇನ್ನು ನಿಮ್ಮ ಕುರಿಗಾಹಿ. ಚಿತ್ರ ನನ್ನ ಎದುರಿಗಿದೆ. ಬೆಳಕು ಚೆನ್ನಾಗಿದೆ, ಕಂಬಳಿಯ ಒಂದೊಂದು ಎಳೆಯೂ ಕಾಣುತ್ತದೆ. ಆದರೆ ಅವರು ಮಧ್ಯಾಹ್ನವಿಡೀ ನಿಮಗೆ ಕಲಿಸಿದ ವಿದ್ಯೆ ಅದರಲ್ಲಿಲ್ಲ. ಅದು ನನಗೆ ಸಿಕ್ಕಿದ್ದು ನಿಮ್ಮ ಪತ್ರದಲ್ಲಿ, ಅದೂ ನನ್ನ ಜೊತೆ ಜಗಳಕ್ಕೆ ಬಂದಾಗ. ಕಿವಿ ನೋಡಿ ಗುರುತು ಹಿಡಿಯುತ್ತಾರಾ, ಮೂಗಿನ ಬಣ್ಣ ನೋಡಿಯಾ? ನೀವು ಎಷ್ಟನ್ನು ಸರಿ ಹೇಳಿದಿರಿ? ತಪ್ಪಿದಾಗ ಅವರು ನಕ್ಕರಾ? ಕುರಿಗಳಿಗೆ ಹೆಸರಿಟ್ಟಿದ್ದರಾ?

ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿದ್ದೇನೆ. ಇದಿಷ್ಟನ್ನು ಬರೆದು ಕಳಿಸಿ, ಉದ್ದವಾದರೂ ಪರವಾಗಿಲ್ಲ. ಅವರ ಹೆಸರು ಕೇಳಿದ್ದರೆ ಅದನ್ನೂ ಬರೆಯಿರಿ. ಕೇಳಿರದಿದ್ದರೆ ಪುಟಗಳು ಇನ್ನೊಂದು ಸಂಚಿಕೆಗೆ ಕಾಯುತ್ತವೆ. ಹೇಗೂ ನಿಮಗೆ ಆ ದಾರಿ ಗೊತ್ತು.